ಕುಕರ್ ಕೂಗಿದ ಏಕಾದಶಿ

ಕಳೆದ ವರ್ಷ ಶ್ರಾವಣದ ಒಂದು ಶುಕ್ರವಾರ ಸ್ನಾನ ಮುಗಿಸಿ ಮೈ ಒರಸಿಕೊಳ್ಳುವಾಗ ಎಡ ಸ್ತನದ ಹೊರಬದಿಯಲ್ಲಿ ನನ್ನ ಬೆರಳಿಗೆ ಒಂದು ಗಂಟು ತಾಗಿತು. ನೆಲ್ಲಿಕಾಯಿಯಷ್ಟಿತ್ತು. ಒತ್ತಿದರೂ ನೋವಿರಲಿಲ್ಲ. ನೋವಿಲ್ಲದ್ದರಿಂದ ಯಾರಿಗೂ ಹೇಳಲಿಲ್ಲ. ಅಷ್ಟಮಿ ಹತ್ತಿರ ಬಂದಿತ್ತು, ಇಡೀ ಬಿಲ್ಡಿಂಗಿಗೆ ಹಂಚುವಷ್ಟು ಚಕ್ಕುಲಿ, ಉಂಡೆ ಮಾಡುವುದಿತ್ತು. ಎಲ್ಲ ಮುಗಿದು ದೊಡ್ಡ ಬಾಣಲೆ ತೊಳೆದು ಅಟ್ಟ ಸೇರಿಸಿದ ಮೇಲೆ ಇವರಿಗೆ ಹೇಳಿದೆ. ಇದನ್ನು ಓದುವ ಅಕ್ಕತಂಗಿಯರಿಗೆ ಬೇರೇನನ್ನೂ ಹೇಳುವ ಮೊದಲು ಇದೊಂದನ್ನು ಹೇಳುತ್ತೇನೆ: ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ನಾವು ಉಡುಪಿ ಕಡೆಯವರು. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಹಡಿಯಲ್ಲಿ ನಮ್ಮ ಮನೆ. ಇವರು ಠಾಣೆಯ ಕೋಪರಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ನೋಡಿಕೊಳ್ಳುತ್ತಾರೆ. ಮಗಳು ಅನಘಾ ಕಾಲೇಜಿನಲ್ಲಿದ್ದಾಳೆ. ಜೊತೆಗೆ ಅತ್ತೆ. ಅವರಿಗೆ ಎಪ್ಪತ್ತಾರು ವರ್ಷ. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಒಂದು ಏಕಾದಶಿಯನ್ನೂ ತಪ್ಪಿಸಿದವರಲ್ಲ. ಆ ದಿನ ನಮ್ಮ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಕುಕರನ್ನು ಹಿಂದಿನ ದಿನವೇ ತೊಳೆದು ಕವುಚಿ ಇಡುತ್ತೇವೆ. ಮಗಳಿಗೆ ಸಬ್ಬಕ್ಕಿಯ ಸಾಬುದಾಣೆ ಖಿಚಡಿ, ಇವರಿಗೆ ಹೋಟೆಲು.

ಸೂಜಿ ಹಾಕಿ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ಮೊದಲು ಔಷಧ ಕೊಟ್ಟು ಗಂಟನ್ನು ಕುಗ್ಗಿಸುವುದು, ಆಮೇಲೆ ಆಪರೇಷನ್ ಎಂದು ಡಾಕ್ಟರಮ್ಮ ಹೇಳಿದರು. ಮರಾಠಿಯವರು, ನನಗಿಂತ ಚಿಕ್ಕವರು. ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವ ಅಭ್ಯಾಸ ಅವರಿಗೆ.

ಅಂದೇ ಮನೆಗೆ ಬಂದು ದೇವರ ಮುಂದೆ ನಿಂತು ಹರಕೆ ಹೊತ್ತೆ. ಕೃಷ್ಣಾ, ಇದು ವಾಸಿಯಾಗುವವರೆಗೆ ಪ್ರತಿ ಏಕಾದಶಿ ನೀರೂ ಮುಟ್ಟದೆ ಇರುತ್ತೇನೆ, ನನ್ನ ಮಗಳಿಗೆ ತಾಯಿಯನ್ನು ಉಳಿಸು. ಈ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಅತ್ತೆಗೆ ಗೊತ್ತಾಯಿತು. ಅವರು ಮೊದಲು ಹುಬ್ಬು ಗಂಟಿಕ್ಕಿ, "ಹಾಲಾದ್ರೂ ಕುಡಿ ಮಾರಾಯ್ತಿ" ಎಂದರು. ನಾನು ಬೇಡವೆಂದೆ. ಆ ವಾರ ಭಜನೆಗೆ ಬಂದವರೆದುರು ಅವರು, "ನನ್ನ ಸೊಸೆ ಈ ಕಾಯಿಲೆಯಲ್ಲೂ ನಿರ್ಜಲ ಮಾಡ್ತಾಳೆ. ನನ್ನಿಂದ ಆಗ್ಲಿಕ್ಕಿಲ್ಲ ಅದು" ಎಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅತ್ತೆ ನನ್ನನ್ನು ನಾಲ್ಕು ಜನರೆದುರು ಹೊಗಳಿದ್ದು ಅದೇ ಮೊದಲು. ಅದು ನನಗೆ ಎಷ್ಟು ಹಿತವಾಯಿತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಕೆಂಪು ಔಷಧ ಕೊಟ್ಟರು. ತಲೆಗೂದಲು ಹೋಯಿತು. ಬಾಯಲ್ಲಿ ಹುಣ್ಣಾಗಿ ಸಾರಿನ ಉಪ್ಪೂ ಉರಿಯುತ್ತಿತ್ತು. ಇಷ್ಟಾದರೂ ಗಂಟು ಕುಗ್ಗಿದ್ದು ಸ್ವಲ್ಪ ಮಾತ್ರ. "ಈಗ ವಾರಕ್ಕೊಮ್ಮೆ ಬೇರೆ ಔಷಧ ಕೊಡೋಣ. ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆಯೇ" ಎಂದರು ಡಾಕ್ಟರಮ್ಮ. ಈ ಔಷಧಕ್ಕೆ ಒಂದು ನಿಯಮವಿತ್ತು. ಹಿಂದಿನ ರಾತ್ರಿ ಊಟದ ನಂತರ ಕೆಲವು ಸಣ್ಣ ಬಿಳಿ ಮಾತ್ರೆ, ಆ ಬೆಳಿಗ್ಗೆ ತಿಂಡಿಯ ನಂತರ ಮತ್ತೆ ಅಷ್ಟೇ. ಮೊದಲ ವಾರ ನಿಯಮದಂತೆ ನಡೆದುಕೊಂಡೆ, ಏನೂ ಆಗಲಿಲ್ಲ.

ಎರಡನೇ ವಾರ ಬುಧವಾರ ಔಷಧ. ಮಂಗಳವಾರ ಏಕಾದಶಿ.

ಆ ರಾತ್ರಿ ಮಾತ್ರೆಯ ಚೀಟಿ ನೋಡಿದೆ. 'ಊಟದ ನಂತರ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಊಟವೇ ಇಲ್ಲದ ದಿನ, ನೀರು ಕೂಡ ಇಲ್ಲದ ದಿನ. ಇವೆಲ್ಲ ವಾಂತಿಗೆ ಕೊಡುವ ಮಾತ್ರೆಗಳಿರಬೇಕು, ನನಗೆ ವಾಂತಿಯೇನೂ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಾತ್ರೆಗಳನ್ನು ಡಬ್ಬಕ್ಕೆ ಹಾಕಿದೆ. ಬೆಳಿಗ್ಗೆ ದ್ವಾದಶಿ ಪಾರಣೆ ಮುಗಿಸಿ ಅನ್ನ ಉಂಡೆ. ರಾತ್ರಿಯದನ್ನೇ ಬಿಟ್ಟ ಮೇಲೆ ಬೆಳಗಿನದು ಯಾಕೆ ಎಂದುಕೊಂಡು ಅದನ್ನೂ ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದ ಅತ್ತೆಯನ್ನೂ ಕೇಳಲಿಲ್ಲ.

ಇವರು ಹೋಟೆಲಿಗೆ ರಜೆ ಹಾಕಿ ಜೊತೆಗೆ ಬಂದಿದ್ದರು. ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಹತ್ತು ಗಂಟೆಗೆ ಆಸ್ಪತ್ರೆ ತಲುಪಿದೆವು. ಔಷಧ ಹಾಕುವ ವಾರ್ಡಿನಲ್ಲಿ ಸಾಲಾಗಿ ಒರಗು ಕುರ್ಚಿಗಳಿವೆ. ನನಗೆ ಕಿಟಕಿಯ ಬಳಿಯದು ಸಿಕ್ಕಿತು. ವೈಶಾಲಿ ಎಂಬ ನರ್ಸ್ ಬಾಟಲಿ ನೇತುಹಾಕಿ ಹನಿ ಬಿಟ್ಟಳು. ಇವರು ಚಹಾಕ್ಕೆಂದು ಕೆಳಗೆ ಹೋದರು.

ಐದು ನಿಮಿಷವೂ ಆಗಿರಲಿಲ್ಲ. ಮೊದಲು ಸೊಂಟವನ್ನು ಯಾರೋ ಹಿಂಡಿದಂತಾಯಿತು. ಆಮೇಲೆ ಮುಖಕ್ಕೆ ಒಲೆಯ ಝಳ ಬಡಿದಂತೆ. ಉಸಿರು ಎಳೆದುಕೊಂಡರೆ ಒಳಗೆ ಹೋಗಲೊಲ್ಲದು. ಕೂಗಲು ಹೋದರೆ ಸ್ವರವಿಲ್ಲ. ಬಳೆಯನ್ನು ಕುರ್ಚಿಯ ಕಬ್ಬಿಣಕ್ಕೆ ಬಡಿದೆ. ವೈಶಾಲಿ ತಿರುಗಿ ನೋಡಿದವಳೇ ಓಡಿ ಬಂದು ಹನಿ ನಿಲ್ಲಿಸಿದಳು. "ಕಾಕು, ಘಾಬರೂ ನಕಾ! ಮಾಝ್ಯಾಕಡೇ ಬಘಾ!" ಚಿಕ್ಕಮ್ಮಾ, ಹೆದರಬೇಡಿ, ನನ್ನ ಕಡೆ ನೋಡಿ ಎನ್ನುತ್ತಲೇ ಇದ್ದಳು. ಮೂಗಿಗೆ ಆಮ್ಲಜನಕ, ಕೈಗೆ ಒಂದರ ಮೇಲೊಂದು ಇಂಜೆಕ್ಷನ್. ಅವಳ ಎದೆಯ ಮೇಲಿನ ಪಿನ್ನಿನಲ್ಲಿ ಒಂದು ಸಣ್ಣ ವಿಠ್ಠಲನಿದ್ದ. ನನಗೆ ಕಂಡದ್ದು ಅಷ್ಟೇ.

ಉಸಿರು ಸರಿಯಾದ ಮೇಲೆ ಡಾಕ್ಟರಮ್ಮ ಬಂದು ಕೇಳಿದರು, "ಮಾತ್ರೆ ಎರಡೂ ಹೊತ್ತು ತೆಗೆದುಕೊಂಡಿದ್ದೀರಲ್ಲ?"

ಅಷ್ಟರಲ್ಲಿ ಮೇಲೆ ಬಂದಿದ್ದ ಇವರೇ ಉತ್ತರ ಕೊಟ್ಟುಬಿಟ್ಟರು. "ಹಾಂ ಡಾಕ್ಟರ್, ಬರೋಬರ್ ತಗೊಂಡಿದ್ದಾಳೆ. ಇವಳು ಒಂದೂ ತಪ್ಪಿಸೋಳಲ್ಲ."

ನಾನು ಸುಮ್ಮನಿದ್ದೆ. ಮೂಗಿನಲ್ಲಿ ನಳಿಗೆ ಇತ್ತು, ಅದು ನನಗೆ ನೆವವಾಯಿತು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಮಾತ್ರೆ ತೆಗೆದುಕೊಂಡೂ ಇಷ್ಟು ಜೋರಾಗಿ ಬಂತೆಂದರೆ ಈ ಔಷಧ ಮತ್ತೆ ಕೊಡಲು ನನಗೆ ಧೈರ್ಯವಿಲ್ಲ. ಮುಂದಿನ ಬುಧವಾರ ಬನ್ನಿ, ಏನು ಮಾಡುವುದೆಂದು ಯೋಚಿಸೋಣ."

ಆ ವಾರ ಹೇಗೆ ಕಳೆಯಿತೋ. ಔಷಧ ನಿಂತಿತ್ತು, ಗಂಟು ಅಲ್ಲೇ ಇತ್ತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದೆ, ಪ್ರತಿ ಸಲವೂ ದೊಡ್ಡದಾದಂತೆ ಅನಿಸುತ್ತಿತ್ತು. ಅನಘಾ ಕಾಲೇಜಿನಿಂದ ಬಂದು ಬ್ಯಾಗೂ ಇಳಿಸದೆ, "ಮಮ್ಮಿ, ಡಾಕ್ಟರ್ ಕಾ ಫೋನ್ ಆಯಾ ಕ್ಯಾ?" ಫೋನ್ ಬಂತಾ ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ದೇವರ ಮುಂದೆ ಕೂತರೆ ಕೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ನಿನಗಾಗಿ ತಾನೇ ನಾನು ಮಾತ್ರೆ ಬಿಟ್ಟದ್ದು ಎಂದು ಒಂದು ದಿನ ಸಿಟ್ಟು ಬಂತು. ಮರುದಿನ ತುಳಸಿ ಕೀಳುವಾಗ ಹೊಳೆಯಿತು, ಅವನಿಗಾಗಿ ಬಿಟ್ಟದ್ದಲ್ಲ. ಅತ್ತೆಯ ಬಾಯಿಂದ ಬಂದ ಆ ಒಂದು ಹೊಗಳಿಕೆ ಕೈಬಿಟ್ಟು ಹೋಗಬಾರದೆಂದು ಬಿಟ್ಟದ್ದು. ಅಂದು ಬೇಡಿದ್ದು ಒಂದೇ: ಕೃಷ್ಣಾ, ನನಗೆ ಇನ್ನೊಂದು ದಾರಿ ತೋರಿಸು. ಆ ದಾರಿಯಲ್ಲಿ ಮೊದಲು ಇಡಬೇಕಾದ ಹೆಜ್ಜೆ ನನ್ನದೇ ಎಂದು ಮನಸ್ಸಿಗೆ ಗೊತ್ತಿತ್ತು.

ಬುಧವಾರ ಹೋಟೆಲಿನಲ್ಲಿ ಅಡಿಗೆಯವರಿಬ್ಬರೂ ಊರಿಗೆ ಹೋಗಿದ್ದರಿಂದ ಇವರಿಗೆ ಬರಲಾಗಲಿಲ್ಲ. "ನಾನು ಬರ್ತೇನೆ" ಎಂದರು ಅತ್ತೆ. ಅವರಿಗೆ ಲೋಕಲ್ ಹತ್ತಲು ಆಗುವುದಿಲ್ಲ, ಬಸ್ಸಿನಲ್ಲಿ ಹೊರಟೆವು. ಶಿಳ್‌ಫಾಟಾದಲ್ಲಿ ಲಾರಿಗಳ ನಡುವೆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಅತ್ತೆ ಕೈಚೀಲದೊಳಗೆ ಕೈ ಇಟ್ಟು ಜಪಮಣಿ ಎಣಿಸುತ್ತಿದ್ದರು. ನಾನು ಶಾಲೆಯ ದಿನ ನೆನೆಸಿಕೊಳ್ಳುತ್ತಿದ್ದೆ. ಉಡುಪಿ ಹತ್ತಿರ ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು, ತಪ್ಪು ಒಪ್ಪಿಕೊಳ್ಳುವಾಗ 'ಆದರೆ' ಎಂಬ ಮಾತು ಸೇರಿಸಬಾರದು ಎನ್ನುತ್ತಿದ್ದರು. 'ಆದರೆ' ಎಂದ ಕೂಡಲೇ ಅದು ವಕಾಲತ್ತು ಆಗುತ್ತದೆಯಂತೆ.

ಡಾಕ್ಟರಮ್ಮ ರಿಪೋರ್ಟುಗಳನ್ನು ಹರಡಿಕೊಂಡು, ಔಷಧ ಇಲ್ಲಿಗೇ ನಿಲ್ಲಿಸಿ ಬೇಗ ಆಪರೇಷನ್ ಮಾಡುವ ಮಾತು ತೆಗೆದರು. ಗಂಟು ಇಷ್ಟು ದೊಡ್ಡದಿರುವಾಗ ಹಾಗೆ ಮಾಡಲು ತಮಗೂ ಮನಸ್ಸಿಲ್ಲವೆಂದರು. ಅವರ ಮಾತು ಮುಗಿಯುವ ಮೊದಲೇ ನಾನು ಹೇಳಿಬಿಟ್ಟೆ. ಹೇಳಿದ್ದು ಇಂಗ್ಲಿಷಿನಲ್ಲಿ. ಅತ್ತೆಗೆ ಮರಾಠಿ ನಮಗಿಂತ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎರಡೂ ಹೊತ್ತು ತೆಗೆದುಕೊಳ್ಳಲಿಲ್ಲವೇ?"

ಅತ್ತೆ ನನ್ನ ಮೊಣಕೈ ಹಿಡಿದರು. "ಎಂತ ಹೇಳಿದ್ದು ನೀನು? ಅವರ ಮುಖ ಯಾಕೆ ಹಾಗಾಯ್ತು?"

ಅವರ ಕಣ್ಣು ನೋಡಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. "ಏಕಾದಶಿ ಅಂತ ಮಾತ್ರೆ ಬಿಟ್ಟೆ ಅತ್ತೆ. ಬೆಳಿಗ್ಗೆಯದ್ದೂ ತಗೊಳ್ಲಿಲ್ಲ. ಡಾಕ್ಟರ್ ಕೇಳಿದಾಗ ಸುಮ್ನಿದ್ದೆ." 'ಆದರೆ' ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅತ್ತೆ ಕೈ ಬಿಟ್ಟರು.

ಡಾಕ್ಟರಮ್ಮ ನನ್ನನ್ನು ಬೈದರು, ಚೆನ್ನಾಗಿಯೇ ಬೈದರು. ನೀರಿಲ್ಲದ ಉಪವಾಸಕ್ಕೆ ಬೇರೆ ಬೈದರು. ಆಮೇಲೆ ಒಂದು ಕಾಗದ ಎಳೆದುಕೊಂಡು ಚಿತ್ರ ಬರೆದು ವಿವರಿಸಿದರು. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ಈ ಔಷಧ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಂಥ ಒಂದು ದ್ರವದಲ್ಲಿ ಕರಗಿಸಿ ಕೊಡುತ್ತಾರೆ. ಹೆಚ್ಚಿನ ಸಲ ಮೈ ಸಿಡಿದೇಳುವುದು ಔಷಧದ ಮೇಲಲ್ಲ, ಆ ದ್ರವದ ಮೇಲೆ. ಅದನ್ನು ಸಮಾಧಾನಪಡಿಸಲೆಂದೇ ಆ ಬಿಳಿ ಮಾತ್ರೆ. ಅದೇ ಔಷಧ ಈಗ ಇನ್ನೊಂದು ರೂಪದಲ್ಲಿ ಬರುತ್ತದೆ. ರಕ್ತದಲ್ಲಿರುವ ಒಂದು ಪ್ರೋಟೀನಿಗೆ ಔಷಧವನ್ನು ಅಂಟಿಸಿ ಅತಿ ಸಣ್ಣ ಕಣ ಮಾಡಿರುತ್ತಾರೆ. ಅದಕ್ಕೆ ನ್ಯಾನೋ ಎನ್ನುತ್ತಾರೆ. ಒಂದು ಕೂದಲಿನ ಅಗಲದಲ್ಲಿ ಅಂಥವು ನೂರಾರು ಸಾಲಾಗಿ ನಿಲ್ಲಬಹುದಂತೆ. ಅದರಲ್ಲಿ ಆ ದ್ರವವೇ ಇಲ್ಲ. ಪ್ರೋಟೀನಿನ ಬೆನ್ನೇರಿ ಔಷಧ ಗಂಟಿನೊಳಗೆ ಹೋಗುತ್ತದೆ.

"ಮಾತ್ರೆ ತೆಗೆದುಕೊಂಡೂ ಹೀಗಾಯಿತು ಎಂದು ನಂಬಿದ್ದರೆ ಇದನ್ನೂ ಕೊಡಲು ನಾನು ಹಿಂಜರಿಯುತ್ತಿದ್ದೆ. ಈಗ ಧೈರ್ಯ ಬಂದಿದೆ. ಮುಂದಿನ ಬುಧವಾರ ಎದುರಿಗೆ ನಿಂತು ಕೊಡಿಸುತ್ತೇನೆ" ಎಂದರು. ಒಪ್ಪಿಗೆಯ ಕಾಗದ ಮುಂದಿಟ್ಟು, ಆ ಪ್ರೋಟೀನ್ ಮನುಷ್ಯರ ರಕ್ತದಿಂದಲೇ ತೆಗೆದದ್ದು, ಪರೀಕ್ಷಿಸಿ ಶುದ್ಧ ಮಾಡಿರುತ್ತಾರೆ, ಇದನ್ನು ತಿಳಿದು ಸಹಿ ಮಾಡಬೇಕು ಎಂದೂ ಮರಾಠಿಯಲ್ಲಿ ಹೇಳಿದರು.

ಅತ್ತೆ ಆಗ ಬಾಯಿ ತೆರೆದರು. "ಕೋಣಾಚಂ ರಕ್ತ?" ಯಾರ ರಕ್ತ?

"ಮಾಹೀತ್ ನಾಹೀ ಆಜಿ. ಗೊತ್ತಾಗುವುದಿಲ್ಲ. ಎಷ್ಟೋ ಜನ ಕೊಟ್ಟದ್ದು ಒಟ್ಟಾಗಿರುತ್ತದೆ."

ನಾನು ಸಹಿ ಹಾಕಿದೆ. ಅತ್ತೆ ಗೋಡೆ ನೋಡುತ್ತಿದ್ದರು.

ಬರುವಾಗ ಬಸ್ಸಿನಲ್ಲೂ ಅತ್ತೆ ಜಪಮಣಿಯನ್ನೇ ಎಣಿಸುತ್ತಿದ್ದರು. ಮನೆಗೆ ಬಂದು ಸ್ನಾನ ಮಾಡಿ ತಮ್ಮ ಕೋಣೆ ಸೇರಿದವರು ಜಪಕ್ಕೆ ಕೂತರು. ಮರುದಿನವೂ ಹಾಗೇ. ನಾನು ಬಡಿಸಿದರೆ ಉಣ್ಣುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಹೋಟೆಲಿನ ನೀರನ್ನೂ ಕುಡಿಯದವರು ಅವರು. ಗುರುತಿಲ್ಲದವರ ರಕ್ತ ಮೈಯಲ್ಲಿ ಸೇರಿದ ಸೊಸೆ ಇನ್ನು ಮುಂದೆ ದೇವರ ಅಡಿಗೆ ಮಾಡಬಹುದೋ ಇಲ್ಲವೋ ಎಂದು ಅವರು ಯೋಚಿಸುತ್ತಿದ್ದಾರೆ ಎಂದೇ ನಾನು ತಿಳಿದೆ. ಇವರಿಗೆ ಹೇಳಿದರೆ, "ಅಮ್ಮನನ್ನು ಈಗ ಕೆದಕಬೇಡ" ಎಂದರು. ಇವರೂ ನನ್ನ ಮೇಲೆ ಬೇಸರಪಟ್ಟಿದ್ದರು. ಡಾಕ್ಟರ ಎದುರು ನನ್ನನ್ನು ನಂಬಿ ಮಾತು ಕೊಟ್ಟಿದ್ದರಲ್ಲ. ಕ್ಯಾಲೆಂಡರ್ ತಿರುವಿ ನೋಡಿದೆ. ಮುಂದಿನ ಬುಧವಾರದ ಚೌಕದಲ್ಲಿ ಅತ್ತೆಯೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು. ಅಂದು ಮತ್ತೆ ಏಕಾದಶಿ.

ಉಪವಾಸವಿಲ್ಲದೆ ಬರಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅಂದು ಬೆಳಿಗ್ಗೆ ಬೇಗ ಎದ್ದು, ಅತ್ತೆಗೆ ಕಾಣದಂತೆ ಎರಡು ಬ್ರೆಡ್ಡು ತಿಂದು ಹೊರಡೋಣ ಎಂದುಕೊಂಡೆ. ಮತ್ತೆ ಕದ್ದು ಮಾಡುವ ಕೆಲಸವೇ! ಸ್ನಾನ ಮುಗಿಸಿ ಬಚ್ಚಲಿನ ಬಾಗಿಲು ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ಕುಕರ್ ಕೂಗಿತು.

ನಾನು ಒದ್ದೆ ಕಾಲಲ್ಲೇ ನಿಂತೆ. ಏಕಾದಶಿಯಂದು ನಮ್ಮ ಮನೆಯಲ್ಲಿ ಆ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ. ಎದುರು ಮನೆಯ ಮರಾಠಿ ಕಾಕುವೂ ಕೇಳಿರಲಿಲ್ಲ. ಅವರು ಬಾಗಿಲು ತೆರೆದು ಕೂಗಿದರು, "ಅಹೋ ಆಜಿ, ಆಜ್ ಏಕಾದಶೀಲಾ ಕುಕರ್? ಸೂರ್ಯ ಯಾವ ಕಡೆ ಹುಟ್ಟಿದ?"

"ನಿಮ್ಮ ಬಾಲ್ಕನಿ ಕಡೆಯೇ ಹುಟ್ಟಿದ್ದಾನೆ, ನೋಡ್ಕೊಳ್ಳಿ!" ಎಂದು ಅತ್ತೆ ಮರಾಠಿಯಲ್ಲೇ ಗದರಿದರು.

ಒಳಗೆ ಹೋದರೆ ಅತ್ತೆ ಒದ್ದೆ ಸೀರೆಯ ಮಡಿಯಲ್ಲಿ ಒಲೆಯ ಮುಂದಿದ್ದರು. ಮಣೆ ಹಾಕಿ ಎಲೆಯ ಬದಲು ನನ್ನ ಸ್ಟೀಲ್ ತಟ್ಟೆ ಇಟ್ಟಿದ್ದರು. ಮೆತ್ತಗೆ ಬೆಂದ ಅನ್ನ, ಒಂದೆಲಗದ ತಂಬುಳಿ. ತಾವಿನ್ನೂ ಹನಿ ನೀರೂ ಕುಡಿದಿರಲಿಲ್ಲ.

"ಕೂತ್ಕೋ. ಬಿಸಿ ಇರುವಾಗ ಉಣ್ಣು."

"ಅತ್ತೆ, ಇವತ್ತು..."

"ಗೊತ್ತುಂಟು ಇವತ್ತೆಂತ ಅಂತ. ರೋಗಿಗೆ, ಔಷಧಕ್ಕೆ ಏಕಾದಶಿ ಇಲ್ಲ. ಶಾಸ್ತ್ರವೇ ಹೇಳಿದ್ದು ಅದು, ನಾನು ಹೇಳಿದ್ದಲ್ಲ. ಒಂದು ಮಾತು ನನ್ನತ್ರ ಕೇಳಿದ್ರೆ ಅವತ್ತೇ ಹೇಳ್ತಿದ್ದೆ." ಅನ್ನದ ಮೇಲೆ ತಂಬುಳಿ ಬಡಿಸಿದರು. "ನೀನು ಹೇಗೆ ಕೇಳ್ತಿ? ನಾನು ಊರವರೆದುರು ಹೊಗಳಿ ಹೊಗಳಿ ನಿನ್ನ ಬಾಯಿ ಕಟ್ಟಿ ಹಾಕಿದ್ದೆ. ಒಂದು ವಾರದಿಂದ ಅದೇ ಕೊರೀತಾ ಉಂಟು ನನ್ನನ್ನ. ನಿಂಗೆ ಏನಾದ್ರೂ ಆಗಿದ್ರೆ ನಾನು ಕೃಷ್ಣನಿಗೆ ಎಂತ ಮುಖ ತೋರಿಸ್ಬೇಕಿತ್ತು?"

ರಕ್ತದ ಯೋಚನೆಯೇ ಆಗಿರಲಿಲ್ಲ ಅದು. ನಾನು ಅನ್ನ ಕಲಸುತ್ತ ಅತ್ತುಬಿಟ್ಟೆ. "ಉಪ್ಪು ನಾನು ಹಾಕಿದ್ದೇನೆ, ಮತ್ತೆ ಬೇಡ" ಎಂದರು ಅತ್ತೆ. ಇಷ್ಟು ದಿನ ಬೇಡಿದ ಪ್ರಾರ್ಥನೆಗೆ ಉತ್ತರ ಆ ತಟ್ಟೆಯಲ್ಲಿತ್ತು ಎಂದೇ ಇಂದಿಗೂ ನಂಬಿದ್ದೇನೆ.

ಆಸ್ಪತ್ರೆಯಲ್ಲಿ ಔಷಧ ಕಲಸುವ ಕೋಣೆಗೆ ಗಾಜಿನ ಕಿಟಕಿಯಿದೆ. ಕೈಗವಸು ಹಾಕಿದ ಹುಡುಗಿಯೊಬ್ಬಳು ಪುಡಿಯ ಸೀಸೆಗೆ ಸಲೈನ್ ಬಿಡುತ್ತಿದ್ದಳು. ನೇರವಾಗಿ ಅಲ್ಲ, ಸೀಸೆಯ ಒಳಗೋಡೆಗೆ ತಾಗಿಸಿ, ನಿಧಾನವಾಗಿ. ಆಮೇಲೆ ಅದನ್ನು ಹಾಗೇ ಬಿಟ್ಟಳು. "ಕುಲುಕಬಾರದು ಕಾಕು, ನೊರೆ ಬಂದರೆ ಕೆಟ್ಟಿತು" ಎಂದಳು ವೈಶಾಲಿ. ಪುಡಿ ನೆನೆದ ಮೇಲೆ ಸೀಸೆಯನ್ನು ಮೆಲ್ಲಗೆ ತಿರುಗಿಸಿದಾಗ ತೆಂಗಿನಕಾಯಿಯ ಎರಡನೇ ಹಾಲಿನಂಥ ಬಿಳುಪು ಬಂತು. ಕಾಣದಷ್ಟು ಸಣ್ಣ ಕಣಗಳೆಂದಿದ್ದರು. ಕಂಡದ್ದು ಹಾಲು.

ಹನಿ ಶುರುವಾಯಿತು. ಡಾಕ್ಟರಮ್ಮ ಮಾತು ಕೊಟ್ಟಂತೆ ಪಕ್ಕದಲ್ಲೇ ನಿಂತರು. ಈ ಸಲ ಜೊತೆಗೆ ಬಂದಿದ್ದ ಇವರು ಚಹಾಕ್ಕೆ ಹೋಗಲಿಲ್ಲ. ನಾನು ಸೊಂಟದ ಕಡೆಗೇ ಗಮನ ಇಟ್ಟು ಕೂತಿದ್ದೆ, ಈಗ ಹಿಂಡುತ್ತದೆ, ಈಗ ಹಿಂಡುತ್ತದೆ ಎಂದು. ಹೆದರಿಕೆಯಲ್ಲಿ ನಾಮಸ್ಮರಣೆಯೂ ತಪ್ಪಿ ಹೋಗುತ್ತಿತ್ತು. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಕಿಟಕಿಯ ಹೊರಗೆ ಒಬ್ಬ ಹೆಂಗಸು ಬಾಲ್ಕನಿಯಲ್ಲಿ ಒಂದು ಚಾದರ ಒಣಹಾಕಿ, ಕ್ಲಿಪ್ ಸಿಕ್ಕಿಸಿ, ಒಳಗೆ ಹೋದಳು. ಅರ್ಧ ಗಂಟೆಯಾದಾಗ ವೈಶಾಲಿ, "ಸಂಪಲಂ ಕಾಕು" ಎಂದಳು. ಮುಗಿಯಿತು. ಅಷ್ಟೇ. ಏನೂ ಆಗಲಿಲ್ಲ. ಏನೂ ಆಗದಿರುವುದೇ ಇಷ್ಟು ದೊಡ್ಡದೆಂದು ನನಗೆ ಅಂದು ತಿಳಿಯಿತು.

ಉಳಿದ ವಾರಗಳೂ ಹಾಗೇ ನಡೆದವು. ಎಲ್ಲ ಸುಲಭವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಬೆರಳ ತುದಿಗಳು ಜೋಮು ಹಿಡಿದವು, ಇನ್ನೂ ಬಿಟ್ಟಿಲ್ಲ. ಹೂ ಕಟ್ಟಲು ಕೂತರೆ ಬಾಳೆನಾರು ಕೈಯಲ್ಲಿದೆಯೋ ಜಾರಿತೋ ತಿಳಿಯುವುದಿಲ್ಲ. ಒಬ್ಬರಿಗೆ ಹಿಡಿಸಿದ ಔಷಧ ಎಲ್ಲರಿಗೂ ಹಿಡಿಸಬೇಕೆಂದಿಲ್ಲ, ಅದು ಡಾಕ್ಟರರಿಗೆ ಬಿಟ್ಟದ್ದು. ನನ್ನ ಗಂಟು ಕುಗ್ಗಿತು, ಬೆರಳಿಗೆ ಸಿಗದಷ್ಟು ಕುಗ್ಗಿತು. ಆಪರೇಷನ್ ಆಯಿತು. ರಿಪೋರ್ಟು ಚೆನ್ನಾಗಿದೆ ಎಂದು ಡಾಕ್ಟರಮ್ಮ ಹೇಳಿದರು. ವಾಸಿಯಾಯಿತೇ ಎಂದು ಕೇಳಿದ್ದಕ್ಕೆ, "ತಪಾಸಣೆಗೆ ಬರುತ್ತಿರಿ" ಎಂದು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಪ್ರತಿ ತಪಾಸಣೆಯ ಹಿಂದಿನ ದಿನ ಈಗಲೂ ನನಗೆ ಹೆದರಿಕೆಯಾಗುತ್ತದೆ. ಮುಂದಿನದು ಬರುವ ತಿಂಗಳಿದೆ.

ಹರಕೆಯನ್ನು ಬದಲಿಸಿಕೊಂಡಿದ್ದೇನೆ. ಏಕಾದಶಿಯಂದು ಅತ್ತೆಯ ಅಪ್ಪಣೆಯಂತೆ ಹಾಲು ಹಣ್ಣು. ಮಾತ್ರೆ ಇದ್ದರೆ ಊಟ. ಭಗವಂತನ ಹತ್ತಿರ ಚೌಕಾಶಿ ಮಾಡುವುದನ್ನು ಬಿಟ್ಟ ಮೇಲೆ ಅವನು ಇನ್ನೂ ಹತ್ತಿರವಾಗಿದ್ದಾನೆ.

ಆಪರೇಷನ್ ಗಾಯ ಒಣಗಿದ ಮೇಲೆ, ಒಂದು ಗುರುವಾರ ಅತ್ತೆ ಮತ್ತು ನಾನು ಸ್ಟೇಷನ್ನಿನ ಆಚೆಯ ನಮ್ಮವರ ದೇವಸ್ಥಾನಕ್ಕೆ ಹೋದೆವು. ಮನೆಯವರೆಲ್ಲರ ಹೆಸರಿನಲ್ಲಿ ಅರ್ಚನೆ ಆಯಿತು. ಡಾಕ್ಟರಮ್ಮನ ಹೆಸರು, ವೈಶಾಲಿಯ ಹೆಸರು ಹೇಳಿದೆ. "ಇನ್ನೊಂದು ಉಂಟು ಭಟ್ರೇ" ಎಂದೆ, "ರಕ್ತ ಕೊಟ್ಟವರದ್ದು."

"ಹೆಸರು, ಗೋತ್ರ?"

"ಗೊತ್ತಿಲ್ಲ. ಯಾವ ಊರು, ಯಾವ ಜಾತಿ, ಎಷ್ಟು ಜನ ಅಂತಲೂ ಗೊತ್ತಿಲ್ಲ."

"ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳುವ ಕ್ರಮ ಉಂಟು. ಹಾಗೇ ಹೇಳ್ತೇನೆ" ಎಂದು ಭಟ್ಟರು ಅಕ್ಷತೆ ತೆಗೆದುಕೊಂಡರು.

ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಅತ್ತೆ ಮುಂದೆ ಬಂದರು. "ಕಾಶ್ಯಪ ಎಂತಕ್ಕೆ? ಭಾರದ್ವಾಜ ಹೇಳಿ. ನಮ್ಮದೇ. ನಮ್ಮ ಮನೆಯವಳ ಮೈಯಲ್ಲಿ ಅವರ ರಕ್ತ ಉಂಟಲ್ಲ, ಮತ್ತೆ ಅವರು ಬೇರೆಯವರು ಹೇಗೆ ಆಗ್ತಾರೆ?"

ಭಟ್ಟರು ಅತ್ತೆಯನ್ನು ಒಂದು ಕ್ಷಣ ನೋಡಿದರು. ಆಮೇಲೆ ತಿರುಗಿ ನಮ್ಮ ಗೋತ್ರ ಹೇಳಿದರು. ಹೆಸರು ಬರಬೇಕಾದ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆ ಮೌನದಲ್ಲಿ ನಾನೂ ಅತ್ತೆಯೂ ಕೈಮುಗಿದು ತಲೆ ಬಾಗಿಸಿದೆವು.